ಅಪ್ಪನ ಉಳಿಯ ಕಚ್ಚು

ಆಗಸ್ಟ್ 31, ಭಾನುವಾರ

ನಾಣ್ಯ ಸಂಗ್ರಾಹಕರ ಕ್ಲಬ್ಬಿನಲ್ಲಿ ಇವತ್ತು ನಾಲ್ಕು ನಾಣ್ಯ ನೋಡಿಕೊಟ್ಟೆ. ಎರಡು ಖೋಟಾ. ಒಂದರ ಅಂಚಿನಲ್ಲಿ ಅಚ್ಚು ಕೂಡಿಸಿದ ಗೆರೆ, ಇನ್ನೊಂದರ ಮೈತುಂಬ ಸಣ್ಣ ಗುಳ್ಳೆ. ತಂದವರ ಮುಖ ಸಪ್ಪಗಾಯಿತು. ಆಗಲಿ. ಫಾರ್ಮಸಿ ನಡೆಸುವವಳಿಗೆ ಕಹಿ ಕೊಡುವುದು ಹೊಸದೇನಲ್ಲ.

ಕೊನೆಗೆ ಕಾರ್ಯದರ್ಶಿ ಎಫ್ರಾಯಿನ್ ಐದನೆಯದೊಂದು ತೆಗೆದ. ಎಂಟು ರಿಯಾಲಿನ ಹಳೇ ಬೆಳ್ಳಿ, ನಮ್ಮ ಪೊತೋಸಿಯಲ್ಲೇ ಬಡಿದದ್ದು. ಶಿಲುಬೆಯ ಪಕ್ಕ ಒಂದು ಓರೆ ಕಚ್ಚು.

ಆ ಕಚ್ಚು ಅಪ್ಪ ಹಾಕಿದ್ದು. ಒಳಗೂ ಬೆಳ್ಳಿಯೇ ಅಂತ ನೋಡಲು, ಗಣಿಯ ಉಳಿಯಿಂದ. ಗಣಿಯಲ್ಲಿ ದುಡಿದ ಅವನ ಬಲಗೈಯಲ್ಲಿ ಎರಡು ಬೆರಳು ಇರಲಿಲ್ಲ, ಅದಕ್ಕೇ ಉಳಿ ಓರೆಯಾಗಿ ಜಾರಿತ್ತು. ಆ ನಾಣ್ಯ ನನ್ನ ಪೆಟ್ಟಿಗೆಯಲ್ಲಿದೆ. ಸುತ್ತಿಗೆಯಿಂದ ಬಡಿದ ನಾಣ್ಯ ಒಂದರ ಹಾಗೆ ಇನ್ನೊಂದಿರುವುದಿಲ್ಲ. ಇದ್ದರೆ ಎರಕ ಹೊಯ್ದದ್ದು. ಕ್ಲಬ್ಬಿಗೆ ಇದನ್ನು ಹೇಳಿಕೊಟ್ಟವಳೇ ನಾನು.

"ಡೋನ್ಯ ದೆಲ್ಮಿರಾ, ಈ ಕಚ್ಚು ನಿಮ್ದರಲ್ಲೂ ಇದೆ ಅಲ್ವಾ?" ಎಂದ ಎಫ್ರಾಯಿನ್.

ನೋಡಿ ಹೇಳುತ್ತೇನೆ ಎಂದೆ. ಯಾರೂ ನಾಣ್ಯ ನೋಡುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದರು.

ಅದೇ ದಿನ, ಸಂಜೆ 6

ತೂಗಿದೆ. ಅಪ್ಪ ಕೊಟ್ಟ ದಿನ ಡೈರಿಯಲ್ಲಿ ಬರೆದಿಟ್ಟದ್ದು 26.8 ಗ್ರಾಂ. ಇವತ್ತು 24.9. ಮೂರು ಸಲವೂ ಅಷ್ಟೇ. ಬೆರಳ ತುದಿಯಲ್ಲಿಟ್ಟು ತಟ್ಟಿದೆ... ಟಣ್ ಅನ್ನಲಿಲ್ಲ.

ನನ್ನ ಪೆಟ್ಟಿಗೆಯಲ್ಲಿರುವುದೂ ಖೋಟಾ. ಬೇರೆ ಯಾರ ಕೈಗೂ ಕೊಟ್ಟವಳಲ್ಲ. ಕಸಿಯಾನೊ ಒಬ್ಬನನ್ನು ಬಿಟ್ಟು.

ಸೆಪ್ಟೆಂಬರ್ 2

ನಿದ್ದೆಯಿಲ್ಲ.

ಕಸಿಯಾನೊ. ಮಗಳು ನೊಯೆಮಿಯ ಜ್ಞಾನಸ್ನಾನದ ಪದ್ರಿನೊ, ಧರ್ಮಪಿತ; ಆ ನಂಟಿನಿಂದ ಅವನು ನನಗೆ ಕೊಂಪಾದ್ರೆ, ನಾನು ಅವನಿಗೆ ಕೊಮಾದ್ರೆ. ಇಪ್ಪತ್ತಾರು ವರ್ಷದ ನಂಟು. ಹಲ್ಲಿನ ಸೆಟ್ ಮಾಡುವ ಕೆಲಸ, ಎರಕದ ಕುಲುಮೆ ಇದೆ. ಹೋದ ವರ್ಷ ಆಗಸ್ಟಿನಲ್ಲಿ, ಭೂತಾಯಿಗೆ ಮದ್ಯ ಚಿಮುಕಿಸುವ ದಿನ, ನಿಮ್ಮಪ್ಪನ ನಾಣ್ಯ ಕುಲುಮೆ ಮುಂದಿಟ್ಟರೆ ನನ್ನ ಕೈಗೂ ಅದೃಷ್ಟ ಹತ್ತುತ್ತದೆ ಎಂದು ಕೇಳಿ ಒಯ್ದ. ಎಂಟು ದಿನ ಬಿಟ್ಟು ಕರವಸ್ತ್ರದಲ್ಲಿ ಕಟ್ಟಿ ತಂದುಕೊಟ್ಟ.

ತೂಗಲಿಲ್ಲ. ಕೊಂಪಾದ್ರೆ ಕೊಟ್ಟದ್ದನ್ನು ತೂಗುವುದೆಂದರೆ ಅವನ ಮುಖಕ್ಕೆ ಉಗಿದ ಹಾಗೆ. ಊರವರದ್ದೆಲ್ಲ ತೂಗಿದೆ, ನನ್ನದನ್ನು ಬಿಟ್ಟೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

13ಕ್ಕೆ ನೊಯೆಮಿಯ ಮದುವೆ. ಮದುಮಗ ಮದುಮಗಳ ಕೈಗೆ ಸುರಿಯುವ ಹದಿಮೂರು ನಾಣ್ಯ ತರುವವನೂ ಕಸಿಯಾನೊನೇ. ಅದರಲ್ಲಿ ತಾತನದ್ದೊಂದು ಇರಲೇಬೇಕು ಎನ್ನುತ್ತಾಳೆ ಹುಡುಗಿ. ಸಾಯುವಾಗ ಅಪ್ಪ ಅದನ್ನು ಅವಳಿಗೇ ಎಂದು ನನ್ನ ಕೈಗಿಟ್ಟಿದ್ದ.

ಸೆಪ್ಟೆಂಬರ್ 9

ಒಂದು ವಾರ ಧೈರ್ಯ ಬರಲಿಲ್ಲ. ಇವತ್ತು ಹೋದೆ. ಅವನ ಮೇಜಿನ ಮೇಲೆ ಖೋಟಾ ಇಟ್ಟೆ. ಕಸಿಯಾನೊ ಮುಟ್ಟಲೂ ಇಲ್ಲ. ಕುಳಿತುಕೊಳ್ಳಿ ಎಂದ, ಕುಡಿಯಲು ಬಿಸಿ ಬಿಸಿ ಜೋಳದ ಆಪಿ ತರಿಸಿದ. ಲೋಟ ಪಕ್ಕಕ್ಕೆ ಸರಿಸಿದೆ.

ಮಾರಿಲ್ಲವಂತೆ. ಅವನ ಹತ್ತಿರವೇ ಇದೆಯಂತೆ. ಶನಿವಾರ ಮದುವೆಯ ಹದಿಮೂರು ನಾಣ್ಯಗಳಲ್ಲಿ ಒಂದಾಗಿ ಬರುತ್ತದಂತೆ. ಕ್ಲಬ್ಬಿಗೆ ಹೇಳುತ್ತೇನೆ ಎಂದೆ.

"ಹೇಳಿ, ಕೊಮಾದ್ರೆ. ಕಚ್ಚು ನಿಮ್ಮಪ್ಪಂದು. ಹುಡುಕ್ಕೊಂಡು ಯಾರ ಮನೆಗೆ ಬರ್ತಾರೆ ಅಂತೀರಿ?"

ನಗುತ್ತಲೇ ಹೇಳಿದ. ಖೋಟಾವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಏರು ಹತ್ತಿ ಮನೆಗೆ ಬಂದೆ.

ಸೆಪ್ಟೆಂಬರ್ 11

ಎಫ್ರಾಯಿನ್ ಫೋನ್. ಸೂಕ್ರೆ ನಗರದಲ್ಲಿ ಇನ್ನೂ ಮೂರು ಖೋಟಾ ಸಿಕ್ಕಿವೆ, ಅದೇ ಕಚ್ಚು. ಸೋಮವಾರ ಮೀಟಿಂಗ್, ನನ್ನದನ್ನು ತರಬೇಕಂತೆ. ಎಂದಿನ ಗೌರವದ ಡೋನ್ಯ ಎನ್ನಲಿಲ್ಲ. ಗುರುತಿಲ್ಲದವಳಿಗೆ ಅನ್ನುವ ಹಾಗೆ ಸೆನ್ಯೋರಾ ಎಂದ.

ನೊಯೆಮಿಗೆ ಇನ್ನೂ ಏನೂ ಹೇಳಿಲ್ಲ. ಹೇಳಿದರೆ ಪದ್ರಿನೊನನ್ನು ಬಿಡುತ್ತಾಳೋ, ನನ್ನನ್ನು ಬಿಡುತ್ತಾಳೋ...

ಸೆಪ್ಟೆಂಬರ್ 13, ಶನಿವಾರ, ಬೆಳಿಗ್ಗೆ 9:40

ಮದುವೆ ನಾಣ್ಯಗಳ ಪೆಟ್ಟಿಗೆ ಬಂತು. ಕಸಿಯಾನೊ ಹೊಸ ಸೂಟಿನಲ್ಲಿ ನಡುಮನೆಯಲ್ಲಿ ಕುಳಿತಿದ್ದಾನೆ, ಬೀಗರೊಂದಿಗೆ ನಗು ಕೇಳಿಸುತ್ತಿದೆ.

ಫಾರ್ಮಸಿಯ ಹಿಂದಿನ ಕೋಣೆಯಲ್ಲಿ ಮುಚ್ಚಳ ತೆಗೆದೆ. ಹದಿಮೂರು. ಹದಿಮೂರರಲ್ಲೂ ಅಪ್ಪನ ಕಚ್ಚು.

ಯಾವುದಾದರೂ ಒಂದು ನಿಜವಿರಬೇಕು. ಮಾತು ಕೊಟ್ಟಿದ್ದಾನೆ. ತೂಗುತ್ತಾ ಬರೆಯುತ್ತಿದ್ದೇನೆ, ಲೆಕ್ಕ ತಪ್ಪದಿರಲಿ ಅಂತ.

24.9. 24.8. 24.9. 25.0. 24.9...

ಹನ್ನೆರಡು ನಾಣ್ಯ ತೂಗಿದ್ದಾಯಿತು. ಎಲ್ಲವೂ ಹಗುರ. ಒಂದು ಉಳಿದಿದೆ. ಮದುವೆಗೆ ಕರೆಯುವ ಚರ್ಚಿನ ಮೊದಲ ಗಂಟೆ ಹೊಡೆಯಿತು.

ಬಾಗಿಲಲ್ಲಿ ನೊಯೆಮಿ. ಬಿಳೀ ಬಟ್ಟೆ. ಹಿಂದೆ ಕಸಿಯಾನೊ.

"ಅಮ್ಮಾ, ಪದ್ರಿನೊ ಕೊಟ್ಟಿದ್ದನ್ನ ತೂಗ್ತಿದ್ದೀಯಾ?"

ತೂಗಲಿ ಬಿಡು ಮಗಳೇ, ಎನ್ನುತ್ತಿದ್ದಾನೆ.

ಕೊನೆಯದನ್ನೂ ಇಟ್ಟೆ. 24.9. ಅಪ್ಪನ ನಾಣ್ಯ ಇದರಲ್ಲಿ ಇಲ್ಲ. ನೊಯೆಮಿ ಕೈ ಚಾಚಿ ನಿಂತಿದ್ದಾಳೆ. ಅವಳ ಕೈಗೆ ಇವನ್ನು ನಾನೇ ಇಡಲಾರೆ. ತಕ್ಕಡಿಯನ್ನು ಅವಳ ಕಡೆಗೆ ತಿರುಗಿಸುತ್ತಿದ್ದೇನೆ.