ಅಪ್ಪ ಮಣ್ಣು ಮಾಡಿದ ಪುಸ್ತಕ

ಬ್ರಾಂಕ್ಸ್, ನ್ಯೂಯಾರ್ಕ್
೧೫ ಮಾರ್ಚ್ ೧೯೫೬, ಗುರುವಾರ

ಪ್ರೀತಿಯ ವೆಲ್ವೆಲ್, ನೂರಿಪ್ಪತ್ತು ವರ್ಷ ಬಾಳು ಮಗನೇ,

ಹೇಗಿದ್ದೀಯಾ? ಕೆಮ್ಮು ಕಡಿಮೆಯಾಯಿತಾ? ಕ್ಯಾಲಿಫೋರ್ನಿಯಾದಲ್ಲಿ ವರ್ಷವಿಡೀ ಬಿಸಿಲಂತೆ. ಹಾಗಂತ ಮೈಮರೆಯಬೇಡ, ಸಂಜೆ ಕುತ್ತಿಗೆಗೆ ಏನಾದರೂ ಸುತ್ತಿಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಮಗೆ ನಿಷಿದ್ಧವಾದದ್ದು ಏನೇನು ತಿನ್ನುತ್ತೀಯೆಂದು ಕೇಳುವುದಿಲ್ಲ, ಕೇಳಿದರೆ ನನಗೇ ಸಂಕಟ. ಮೊಣಕಾಲೊಂದನ್ನು ಬಿಟ್ಟರೆ ನಾನು ಚೆನ್ನಾಗಿದ್ದೇನೆ. ಅಪ್ಪ ಈಗಲೂ ಏಣಿ ಹತ್ತಿ ಊರವರ ಗೋಡೆಗೆಲ್ಲ ಬಣ್ಣ ಬಳಿಯುತ್ತಾರೆ. ಬೇಡ ಅಂದರೆ ಕೇಳುವ ಜನವೇ ಅವರು?

ನಿನ್ನ ಕಾಗದ ಬಂತು. ಎರಡೇ ಸಾಲು. "ಅಪ್ಪ ನನ್ನ ಪುಸ್ತಕವನ್ನು ಮಣ್ಣು ಮಾಡಿದರಂತೆ. ಅವರ ಪಾಲಿಗೆ ನಾನು ಸತ್ತಿದ್ದರೆ ಪೆಸಾಖ್ ಹಬ್ಬಕ್ಕೆ ನನ್ನ ತಟ್ಟೆ ಇಡಬೇಡ." ಓದಿ, ಒಲೆ ಆರಿಸಿ ಈ ಕಾಗದ ಬರೆಯಲು ಕೂತೆ. ಫೋನು ಮಾಡಿ ನಿನ್ನ ಕಿವಿಯಲ್ಲಿ ಊದಿದ್ದು ನಿನ್ನ ಚಿಕ್ಕಪ್ಪನ ಮಗ ಸಿಡ್ನಿಯೇ ಅಂತ ಗೊತ್ತು. ಅವನಿಗೆ ಕಣ್ಣಿಗಿಂತ ಬಾಯಿ ದೊಡ್ಡದು. ಅಪ್ಪನನ್ನು ಕಾರಿನಲ್ಲಿ ಸ್ಮಶಾನಕ್ಕೆ ಕರೆದುಕೊಂಡು ಹೋದವನು ಅವನು, ಪುಸ್ತಕ ಗುಂಡಿಗೆ ಹೋದದ್ದನ್ನು ನೋಡಿದವನೂ ಅವನೇ. ಆದರೆ ತಾನು ನೋಡಿದ್ದೇನು ಅನ್ನುವುದೇ ಆ ಪೆದ್ದನಿಗೆ ತಿಳಿದಿಲ್ಲ. ನಿನಗಾದರೂ ಹೊಳೆಯಬೇಕಿತ್ತು ಮಗನೇ. ದಾರಿ ಬಿಟ್ಟ ಮಗ ಸತ್ತನೆಂದು ನೆಲದ ಮೇಲೆ ಕೂತು ಅತ್ತ ಅಪ್ಪಂದಿರನ್ನು ನಾನೂ ಕಂಡಿದ್ದೇನೆ. ನಿನ್ನ ಅಪ್ಪ ಅಂಥವರಲ್ಲ.

ನಡೆದದ್ದು ಹೇಳುತ್ತೇನೆ ಕೇಳು. "ಅಪ್ಪನ ಮನೆಯಿಂದ ನಾನು ಏನನ್ನೂ ತಂದುಕೊಂಡಿಲ್ಲ, ನನ್ನ ಬರವಣಿಗೆಗೂ ಅವರ ದೇವರಿಗೂ ಸಂಬಂಧವಿಲ್ಲ" ಅಂತ ನೀನು ಪತ್ರಿಕೆಯವರಿಗೆ ಹೇಳಿದೆಯಲ್ಲ, ಅದನ್ನು ಅಪ್ಪನಿಗೆ ಓದಿ ಹೇಳಿದವನೂ ಸಿಡ್ನಿಯೇ. ಅವತ್ತಿನಿಂದ ಅವರು ನಿನ್ನ ಹೆಸರೆತ್ತಲಿಲ್ಲ. ನನಗೆ ತಡೆಯುತ್ತದೆಯೇ? ನಿನ್ನ ಕಾದಂಬರಿ ಕೊಂಡು ತಂದೆ. ಕಟ್ಟಡದವರೆಲ್ಲ ಓದಿದರು, ಸೂಪು ಕುಡಿಯುತ್ತ, ಕೇಕು ತಿನ್ನುತ್ತ ಓದಿದರು. ಮೇಲಿನ ಮನೆಯ ಝ್ಲಾಟಾ, "ನಿನ್ನ ಮಗ ನಮ್ಮನ್ನೆಲ್ಲ ಬೀದಿಗೆಳೆದಿದ್ದಾನೆ ಕಣೇ ಫ್ರೂಮೆ, ನನ್ನ ಗಂಡನ ಗೊರಕೇನೂ ಬಿಟ್ಟಿಲ್ಲ" ಅಂತ ಬೈದು, ಮತ್ತೊಂದು ಸಲ ಓದಲು ಒಯ್ದಳು. ಪುಸ್ತಕ ಮನೆಗೆ ಮರಳುವಷ್ಟರಲ್ಲಿ ಅದರ ಹೊಲಿಗೆ ಸಡಿಲಾಗಿತ್ತು.

ಹಬ್ಬಕ್ಕೆ ಮೊದಲು ಮನೆಯಲ್ಲಿ ರೊಟ್ಟಿಯ ಚೂರೂ ಉಳಿಯಬಾರದೆಂದು ಅಪ್ಪ ಪ್ರತಿ ಪುಸ್ತಕವನ್ನೂ ಕಿಟಕಿಯ ಬಳಿ ಕೊಡವುವುದು ನಿನಗೆ ನೆನಪಿರಬೇಕು. ಈ ಸಲ ನಿನ್ನದನ್ನೂ ಕೊಡವಿದರು. ಝ್ಲಾಟಾಳ ಕೇಕಿನ ಪುಡಿ ಉದುರಿತು, ಹಿಂದೆಯೇ ಹಾಳೆಗಳೂ ಉದುರಿದವು. ಬಗ್ಗಿ ಎತ್ತಿದವರು ಒಂದು ಹಾಳೆಯನ್ನು ಬೆಳಕಿಗೆ ಹಿಡಿದರು. ಕಾದಂಬರಿಯಲ್ಲಿ ಅಜ್ಜಿ ಸಾಯುವಾಗ ಹೇಳುವ ಪ್ರಾರ್ಥನೆಯನ್ನು ನೀನು ನಮ್ಮ ಹೀಬ್ರೂ ಅಕ್ಷರದಲ್ಲೇ ಅಚ್ಚು ಹಾಕಿಸಿದ್ದೀಯಲ್ಲ, ದೇವರ ಹೆಸರಿನ ಸಮೇತ. ಇಂಗ್ಲಿಷ್ ಓದಲು ಬಾರದಿದ್ದರೂ ಅದು ಅವರಿಗೆ ಕಾಣಿಸದೇ? ಹಾಳೆಗೆ ಮುತ್ತಿಟ್ಟರು. ಆಮೇಲೆ ನನ್ನ ಕಡೆ ನೋಡದೆಯೇ, "ಮೊದಲಿಂದ ಓದು" ಅಂದರು.

ರಾತ್ರಿಶಾಲೆಯಲ್ಲಿ ಕಲಿತ ನನ್ನ ಇಂಗ್ಲಿಷಿನಲ್ಲಿ ತಡವರಿಸುತ್ತ, ಯಿಡ್ಡಿಷಿಗೆ ತಿರುಗಿಸುತ್ತ ದಿನಾ ಊಟವಾದ ಮೇಲೆ ಓದಿ ಹೇಳಿದೆ. ಅಣ್ಣತಮ್ಮಂದಿರು ಜಗಳವಾಡುವ ಕಡೆ, ಪ್ರಶ್ನೆಗೆ ಪ್ರಶ್ನೆಯನ್ನೇ ಎಸೆಯುವ ಕಡೆ ಅವರಿಗೆ ನಗು. "ನೋಡೇ, ವಾದದಲ್ಲಿ ಸೋತೋನ ಮಾತನ್ನೂ ಅಳಿಸದೆ ಬರ್ದಿಟ್ಟಿದ್ದಾನೆ. ಶನಿವಾರ ನನ್ನ ಪಕ್ಕ ಕೂರಿಸ್ಕೊಂಡು ನಮ್ಮ ಹಳೇ ಗುರುಗಳ ವಾದಗ್ರಂಥದಿಂದ ಹೇಳ್ಕೊಟ್ಟ ಪಾಠ ಅಲ್ವೇನೇ ಇದು!" ಅಂದರು. ನಿನ್ನ ನಾಯಕ ಸಮುದ್ರದ ದಂಡೆಯಲ್ಲಿ ಹೊಸ ಮನೆ ಕಟ್ಟಿಸಿ, ಬಾಗಿಲ ಎದುರಿನ ಗೋಡೆಯಲ್ಲಿ ಮೊಳದಷ್ಟು ಜಾಗಕ್ಕೆ ಬಣ್ಣ ಬಳಿಸದೆ ಬಿಡುತ್ತಾನಲ್ಲ, ಹೆಂಡತಿ ಯಾಕೆಂದು ಕೇಳಿದರೆ ತನಗೂ ಗೊತ್ತಿಲ್ಲ ಅನ್ನುತ್ತಾನಲ್ಲ, ಅಲ್ಲಿ ನಾನು ಕಣ್ಣೆತ್ತಿ ನಮ್ಮ ಗೋಡೆ ನೋಡಿದೆ. ಜೆರುಸಲೇಮಿನಲ್ಲಿ ಬಿದ್ದುಹೋದ ದೇವಾಲಯದ ನೆನಪಿಗೆ ನಿನ್ನ ಅಪ್ಪ ಬಿಟ್ಟ ಆ ಬೋಳು ಗೋಡೆ ಈಗಲೂ ನಮ್ಮ ಬಾಗಿಲ ಎದುರಿಗೇ ಇದೆ. "ಬಣ್ಣದೋನ ಮನೇಲೇ ಬಣ್ಣ ಇಲ್ಲ ಅಂತ ಹುಡುಗ್ರು ನಗ್ತಾರೆ" ಅಂತ ಚಿಕ್ಕವನಿದ್ದಾಗ ನೀನು ಅತ್ತದ್ದೂ ಅದೇ ಗೋಡೆಗಾಗಿ. ಅಪ್ಪ ಎದ್ದು ಹೋಗಿ ಅದರ ಮೇಲೆ ಅಂಗೈ ಇಟ್ಟರು.

ದೇವರ ಹೆಸರಿರುವ ಪುಸ್ತಕ ಹರಿದರೆ ನಾವು ಸುಡುವುದಿಲ್ಲ, ಬಿಸಾಡುವುದಿಲ್ಲ, ಮನುಷ್ಯರನ್ನು ಮಣ್ಣಿಗಿಡುವ ಹಾಗೆ ಇಡುತ್ತೇವೆ. ಹೋದ ಭಾನುವಾರ ಮಂದಿರದವರು ಒಟ್ಟುಮಾಡಿದ ಅಂಥ ಪುಸ್ತಕಗಳ ಚೀಲ ಸ್ಮಶಾನಕ್ಕೆ ಹೊರಟಾಗ, ನಿನ್ನ ಪುಸ್ತಕವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತಮ್ಮ ಅಪ್ಪನ ಕಾಲದ ಪ್ರಾರ್ಥನೆ ಪುಸ್ತಕದ ಜೊತೆ ಅದರಲ್ಲಿಟ್ಟರು. ಮೆಟ್ಟಿಲ ಬಳಿ ಝ್ಲಾಟಾ ಕೆಣಕಿದಳು: "ಮಣ್ಣು ಮಾಡೋಷ್ಟು ಕೆಟ್ಟದಾಗಿ ಬರ್ದಿದ್ನಾ ಗೆಟ್ಸೆಲಣ್ಣ?" ಅಪ್ಪ ಟೋಪಿ ಸರಿಮಾಡಿಕೊಂಡು, "ಕೆಟ್ಟದಾಗಿ ಬರ್ದಿದ್ರೆ ಕಸದ ಡಬ್ಬಿಗೆ ಹಾಕ್ತಿದ್ದೆ ಕಣಮ್ಮ" ಅಂದರು. ಸಿಡ್ನಿ ಆಗ ಕಾರಿನಲ್ಲಿ ರೇಡಿಯೋ ಕೇಳುತ್ತಿದ್ದ.

ಈಗ ಹೇಳು, ಸತ್ತವರು ಯಾರು? ನಿನ್ನ ತಟ್ಟೆಯನ್ನು ತೊಳೆದು ಒರೆಸಿಟ್ಟಿದ್ದೇನೆ. ಮೀನಿನ ಉಂಡೆ ನಿನಗೆ ಬೇಕಾದ ಹಾಗೆ ಸಿಹಿ ಕಡಿಮೆ ಹಾಕಿ ಮಾಡುತ್ತೇನೆ. ದೇವರು ನಿನ್ನ ಕೈಗೂ ಕಣ್ಣಿಗೂ ಆಯುಸ್ಸು ಕೊಡಲಿ.

ನಿನ್ನ ಅಮ್ಮ,
ಫ್ರೂಮೆ

ಮರೆತಿದ್ದೆ: ಕಾದಂಬರಿಯ ಕೊನೆಯಲ್ಲಿ ಮಗ ಅಪ್ಪನ ಮನೆ ಬಾಗಿಲಿಗೆ ಬಂದು ನಿಲ್ಲುತ್ತಾನೆ, ಅಲ್ಲಿಗೇ ಮುಗಿಸಿದ್ದೀಯ. "ಒಳಗೆ ಬಂದ್ನೋ ಇಲ್ವೋ?" ಅಂತ ಅಪ್ಪ ದಿನಾ ಕೇಳುತ್ತಾರೆ. ಬರೆದಿಲ್ಲ ಕಣ್ರೀ ಅಂದೆ. ಹಬ್ಬದ ರಾತ್ರಿ ಊಟ ಮುಗಿದ ಮೇಲೆ ಪ್ರವಾದಿ ಎಲಿಯಾಹು ಬರಲೆಂದು ಬಾಗಿಲು ತೆರೆಯುತ್ತೇವಲ್ಲ, ನಿನ್ನೆ ಅಪ್ಪ ಹೇಳಿದರು: "ಈ ಸಲ ಊಟಕ್ಕೆ ಮೊದಲೇ ತೆಗೆದಿಡು ಕಣೇ. ಹುಡುಗ ಎಷ್ಟು ಹೊತ್ತು ಹೊರಗೇ ನಿಂತಿರ್ತಾನೆ?"