ಮುಚ್ಚಿದ ಕೊಳದ ಆಳ

ಚೀಗು, ತೈನಾನ್
ಮಾರ್ಚ್ ೧೪, ಬುಧವಾರ

ನಮ್ಮ ಬೀಯುನ್‌ಳ ಅಪ್ಪನಿಗೆ,

ಮೊಣಕಾಲು ಹೇಗಿದೆ? ಪೆಂಗ್‌ಹೂ ದ್ವೀಪದ ಗಾಳಿ ಆಗಿಬರುವುದಿಲ್ಲ ಎಂದು ಗೊತ್ತಿದ್ದೂ ಸಿಟ್ಟು ಮಾಡಿಕೊಂಡು ತಮ್ಮನ ಮನೆಯಲ್ಲಿ ಕೂತಿದ್ದೀರಿ. ಫೋನೂ ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ನಾನು ಚೆನ್ನಾಗಿದ್ದೇನೆ. ಬೆಕ್ಕೂ ಚೆನ್ನಾಗಿದೆ, ನಿಮ್ಮ ಕುರ್ಚಿ ಈಗ ಅದರದ್ದು.

ಮಗಳ ಸುದ್ದಿ ಹೇಳುತ್ತೇನೆ, ಮುಖ ತಿರುಗಿಸದೆ ಓದಿ. ನೀವು ಮೂವತ್ತು ವರ್ಷದ ಹಿಂದೆ ಮುಚ್ಚಿದ ಮೀನುಕೊಳದ ಮೇಲೆ ಮಕ್ಕಳ ಶಾಲೆ ಬರುತ್ತಿದೆ. ಭೂಕಂಪವಾದರೆ ಆ ನೆಲ ತಡೆಯುತ್ತದೋ ಇಲ್ಲವೋ ಎಂದು ಅಳೆಯುವವಳು ನಮ್ಮ ಬೀಯುನ್. ನೆಲ ಮೆದು ಎಂದು ಅವಳು ಊರವರೆದುರು ಹೇಳಿದ್ದೇ ತಡ, "ನಾನೇನು ತೋಫು ತುಂಬ್ಸಿದ್ನಾ?" ಎಂದು ನೀವು ಎದ್ದು ಹೋದಿರಿ. ಅವಳು ಅಳಲಿಲ್ಲ. ಮರುದಿನ ಮತ್ತೆ ಅಳೆಯಲು ಹೊರಟಳು. ನಾನೂ ಬುತ್ತಿ ಹಿಡಿದು ಹೋದೆ.

ನೀವು ನೋಡಬೇಕಿತ್ತು ರೀ. ನೆಲದಲ್ಲಿ ಸಾಲಾಗಿ ಮೊಳೆಯಂಥ ಪುಟ್ಟ ಉಪಕರಣಗಳನ್ನು ನೆಟ್ಟು, ತುದಿಯಲ್ಲಿ ಕಬ್ಬಿಣದ ತಟ್ಟೆಯ ಮೇಲೆ ಸುತ್ತಿಗೆ ಬೀಸುತ್ತಾರೆ. ಹೊಡೆತದ ಅಲೆ ನೆಲದ ಮೈ ಹಿಡಿದು ಓಡುತ್ತದೆ. ಗಿಡ್ಡ ಅಲೆ ಮೇಲಿನ ಮಣ್ಣನ್ನಷ್ಟೇ ಮುಟ್ಟುತ್ತದೆ, ಉದ್ದನೆಯದು ಆಳದವರೆಗೂ. ಯಾವುದು ಎಷ್ಟು ವೇಗ ಎಂದು ಗೆರೆ ಎಳೆದರೆ ಯಾವ ಪದರ ಎಷ್ಟು ಗಟ್ಟಿ ಎಂದು ತಿಳಿಯುತ್ತದಂತೆ. ಸುತ್ತಿಗೆ ಬೀಳುವಾಗ ಯಾರೂ ಹೆಜ್ಜೆ ಎತ್ತುವಂತಿಲ್ಲ. ನಾನು ಬುತ್ತಿ ಹಿಡಿದು ಕೊಕ್ಕರೆಯ ಹಾಗೆ ನಿಂತಿದ್ದೆ.

ಅವಳ ಮೇಲಧಿಕಾರಿ ಲಿಯಾವ್ ಪರದೆಯ ಮೇಲೆ ಹೊಳೆಯುವ ಗೆರೆ ತೋರಿಸಿ, "ನೋಡಮ್ಮಾ, ನಿಮ್ಮಪ್ಪನ ನೆಲ ಗಟ್ಟಿಯಾಗೇ ಇದೆ. ಸಹಿ ಹಾಕಿ ಮುಗಿಸು" ಎಂದರು. ನಮ್ಮವಳು ಜಗ್ಗಲಿಲ್ಲ. "ಸರ್, ಅದು ಮೇಲಿನ ಗೆರೆ. ಅದನ್ನ ಹಿಡಿದ್ರೆ ಕೆಸರೂ ಕಲ್ಲು ಅನ್ಸತ್ತೆ. ನಿಜವಾದ್ದು ಕೆಳಗೆ ಮಸುಕಾಗಿದೆ" ಎಂದವಳೇ ಸುತ್ತಿಗೆ ಕಸಿದುಕೊಂಡು ಇನ್ನೂ ಇಪ್ಪತ್ತು ಸಲ ಹೊಡೆದಳು. ಕೆಳಗಿನ ಗೆರೆ ಎದ್ದು ಬಂತು. ಅಲೆಯ ವೇಗ ಸೆಕೆಂಡಿಗೆ ನೂರಿಪ್ಪತ್ತು ಮೀಟರು, ಅಷ್ಟೇ. ಅಷ್ಟು ನಿಧಾನವೆಂದರೆ ನೆಲ ಮೆದು ಎಂದೇ ಅರ್ಥವಂತೆ. ಲಿಯಾವ್ ಕನ್ನಡಕ ಒರೆಸಿಕೊಂಡು ಪರದೆಯತ್ತ ಬಗ್ಗಿದರು. ಹಟದಲ್ಲಿ ಅವಳು ಥೇಟ್ ನೀವೇ.

ಇನ್ನೊಂದು ಮಾತು. ನೀವು ತುಂಬಿಸಿದ ಮಣ್ಣು ಗಟ್ಟಿಯಾಗಿಯೇ ಇದೆಯಂತೆ. ಮೆದುವಾಗಿರುವುದು ಅದರಡಿಯ ಹಳೇ ಕೆಸರು. ಇದನ್ನು ಹೇಳಲು ಅವಳು ಅಂದೇ ಬಾಯಿ ತೆರೆದಿದ್ದಳು, ನೀವು ಆಗಲೇ ಚಪ್ಪಲಿ ಮೆಟ್ಟಿದ್ದಿರಿ.

ಮೈದುನನಿಗೂ ಅವನ ಹೆಂಡತಿಗೂ ನನ್ನ ನೆನಪು ತಿಳಿಸಿ. ಅಲ್ಲಿನ ಚಿಪ್ಪುಮೀನಿನ ಗಂಜಿ ಹಿತಮಿತವಾಗಿರಲಿ.

ನಿಮ್ಮ ದಾರಿ ಕಾಯುತ್ತಿರುವ,
ಶಿಯುಜು

ತಾ.ಕ.: ಅಂಚೆಯವನು ಬಾಗಿಲಲ್ಲಿದ್ದಾನೆ. ಆ ಒಂದೇ ಗೆರೆಗೆ ಎರಡು ಬಗೆಯ ನೆಲ ಹೊಂದುತ್ತದಂತೆ. ಕೆಸರು ಮೂರು ಮೀಟರಿಗೆ ಮುಗಿದರೂ ಸರಿ, ಐದಕ್ಕೆ ಮುಗಿದರೂ ಸರಿ. ಯಾವುದು ನಿಜವೆಂದು ಕೊರೆದು ನೋಡೋಣವೆಂದರೆ ಎಲ್ಲಿ ಕೊರೆಯುವುದು? ಚಳಿಗೆ ಮೀನು ಸಾಯದಿರಲೆಂದು ನೀವು ಕೊಳದ ತಳದಲ್ಲಿ ತೋಡಿದ ಆಳದ ಕಾಲುವೆ ಎಲ್ಲಿತ್ತು, ಎಷ್ಟು ಆಳವಿತ್ತು ಎಂದು ಬಲ್ಲವರು ನೀವೊಬ್ಬರೇ. ವರದಿಯಲ್ಲಿ "ಮಾಹಿತಿ ನೀಡಿದವರು" ಎಂಬ ಕಡೆ ನಿಮ್ಮ ಹೆಸರು ಬರೆದು, ಆಳದ ಜಾಗ ಖಾಲಿ ಬಿಟ್ಟಿದ್ದಾಳೆ. ಸೋಮವಾರ ವರದಿ ಕೊಡಬೇಕು. ಅವಳಾಗಿ ಕೇಳುವುದಿಲ್ಲ, ನಿಮ್ಮ ಮಗಳಲ್ಲವೇ. ಭಾನುವಾರದ ಹಡಗಿಗೆ ಬಂದುಬಿಡಿ.