ಆರನೆಯ ಮುಖ

ಪ್ರೀತಿಯ ಅಣ್ಣ,

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು "ಆಯ್ತು ಬಿಡೇ" ಎಂದು ಫೋನಿಟ್ಟುಬಿಟ್ಟರೆ ಆಮೇಲೆ ನನಗೆ ಕೆಲಸಕ್ಕೆ ಕೈಯೇ ಓಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ತಲೆ ಕೆಟ್ಟು ಮೊಸರುಗಡಿಗೆಯಾಗಿದೆ, ಮಾತು ಅಡ್ಡಾದಿಡ್ಡಿ ಹೋದರೆ ಬೈಯಬೇಡ.

ನಿನ್ನ ಸಿನಿಮಾದ ಪ್ರಚಾರ ನನ್ನ ಪಾಲಿಗೆ ಬಂದಾಗ ಆಫೀಸಿನಲ್ಲಿ ಕುಣಿದಾಡಿದ್ದೆ. ಇಷ್ಟು ವರ್ಷ ಪೊಲೀಸರ ಹಿಂದಿನ ಸಾಲಿನಲ್ಲಿ ನಿಂತು, ಮದುವೆ ದೃಶ್ಯಗಳಲ್ಲಿ ಕುರ್ಚಿ ಜೋಡಿಸಿದ ನಿನಗೆ ಕಡೆಗೂ ಒಂದು ಪಾತ್ರ ಸಿಕ್ಕಿತ್ತು. ಅದೂ ಎಂಥ ಪಾತ್ರ! ಕಾಣೆಯಾದ ಹೆಂಗಸನ್ನು ಬೀದಿಯೆಲ್ಲ ಹುಡುಕುವಾಗ ಎಲ್ಲರಿಗೂ ನೀರು ಕೊಟ್ಟು ಸಮಾಧಾನ ಹೇಳುವ ಪಕ್ಕದ ಮನೆಯವನು. ಕೊಂದವನು ಅವನೇ ಎಂದು ತಿಳಿಯುವುದು ಕಡೆಯ ದೃಶ್ಯದಲ್ಲಿ. ಸಂಕಲನದ ಕೋಣೆಯಲ್ಲಿ ಅದನ್ನು ನೋಡಿ, ನಿನ್ನ ಜೊತೆಯೇ ಬೆಳೆದ ನಾನೂ ಕುರ್ಚಿ ಹಿಂದಕ್ಕೆಳೆದುಕೊಂಡೆ.

ಫಜೀತಿ ಶುರುವಾದದ್ದೇ ಅಲ್ಲಿಂದ. ನಿರ್ಮಾಪಕರು ಮೀಟಿಂಗಿನಲ್ಲಿ, "ಅವರ ಮುಖ ಎಲ್ಲೂ ಕಾಣಬಾರ್ದು. ಪೋಸ್ಟರೂ ಬೇಡ, ಟ್ರೇಲರೂ ಬೇಡ, ಸಂದರ್ಶನ ಅಂತೂ ಬೇಡವೇ ಬೇಡ" ಎಂದರು. ಪೋಸ್ಟರ್ ಮಾಡುವ ಹುಡುಗಿ ತಲೆ ಕೆರೆದುಕೊಂಡು, "ಸರ್, ಇಷ್ಟು ದೊಡ್ಡ ಪಾತ್ರದವರು ಪೋಸ್ಟರಲ್ಲಿ ಯಾಕಿಲ್ಲ ಅಂತ ಜನ ಇಂಟರ್ವೆಲ್‌ನಲ್ಲೇ ಕಂಡುಹಿಡಿತಾರಲ್ಲ" ಎಂದಳು. ಅವರು ಹೇಳಿದ್ದೂ ಸರಿ ಅನ್ನಿಸಿತು, ಇವಳು ಹೇಳಿದ್ದೂ ಸರಿ ಅನ್ನಿಸಿತು.

ಕಡೆಗೆ ಮುಖ್ಯ ಪಾತ್ರಗಳ ಆರು ಮುಖಗಳನ್ನೂ ಒಂದೇ ಅಳತೆಯಲ್ಲಿ ಜೋಡಿಸಿದ ಪೋಸ್ಟರ್ ಮಾಡಿಸಿದೆ. ನಿನ್ನದು ಆರನೆಯದು. ಕೆಳಮಹಡಿಯ ಹಲ್ಲಿನ ಡಾಕ್ಟರ ಬಳಿ ಸರದಿಗೆ ಕಾಯುತ್ತಿದ್ದವರಿಗೆ ಅದನ್ನು ತೋರಿಸಿ, ಕೊಲೆಗಾರ ಯಾರಿರಬಹುದು ಎಂದು ಕೇಳಿದೆ. ದವಡೆ ಊದಿಸಿಕೊಂಡಿದ್ದ ಒಬ್ಬರು ಮಾತಾಡಲಾಗದೆ ನಾಯಕಿಯನ್ನು ತೋರಿಸಿದರು. ಒಬ್ಬ ಅಜ್ಜಿ ನಿನ್ನ ಮೇಲೆ ಬೆರಳಿಟ್ಟು, "ಪಾಪ, ಇವನು ಮೊದಲೇ ಸತ್ತುಹೋಗ್ತಾನೆ" ಎಂದರು. ಖುಷಿಯಿಂದ ಮೆಟ್ಟಿಲು ಹತ್ತಿ ಬಂದೆ. ನಿರ್ಮಾಪಕರು ಮಾತ್ರ, "ಹೊರಗೆ ಒಬ್ಬ ಸರಿಯಾಗಿ ಊಹಿಸಿದ್ರೂ ಸಿನಿಮಾ ಹೋಯ್ತಮ್ಮ. ಆದ್ರೂ ಪ್ರಚಾರ ನಿಮ್ಮದು, ನೀವೇ ತೀರ್ಮಾನ ಮಾಡಿ" ಎಂದು ನನ್ನ ತಲೆಗೆ ಕಟ್ಟಿ ಎದ್ದುಹೋದರು.

ಇದರ ನಡುವೆ ನಿನ್ನ ಮಗಳ ಫೋನು. "ಅತ್ತೆ, ಅಪ್ಪನ ಫೋಟೋ ಬಸ್ಸಿನ ಮೇಲೂ ಬರುತ್ತಾ? ನಾನು ಎಲ್ಲರಿಗೂ ಹೇಳ್ಬಿಟ್ಟಿದೀನಿ."

ಅಣ್ಣ, ತಂಗಿಯಾಗಿ ಕೇಳಿದರೆ ಊರಿನ ಗೋಡೆಗೋಡೆಗೂ ನಿನ್ನ ಮುಖ ಅಂಟಿಸಬೇಕು ಅನ್ನಿಸುತ್ತದೆ. ಪ್ರಚಾರದವಳಾಗಿ ಕೇಳಿದರೆ ಒಂದು ಕಡೆಯೂ ಬೇಡ ಅನ್ನಿಸುತ್ತದೆ. ತೆರೆಯ ಮೇಲೆ ಪರಿಚಯವಿಲ್ಲದ ಮನುಷ್ಯ ನೀರಿನ ಲೋಟ ಹಿಡಿದು ಬಂದರೆ ಯಾರು ತಿರುಗಿ ನೋಡುತ್ತಾರೆ? ಇಷ್ಟು ವರ್ಷ ನಿನ್ನನ್ನು ಯಾರೂ ಗಮನಿಸದೆ ಇದ್ದದ್ದೇ ಈ ಸಿನಿಮಾದ ಬಂಡವಾಳ. ಇದನ್ನು ಬರೆಯುವಾಗ ನನಗೆ ಅಳು ಬಂತು.

ಒಂದು ಉಪಾಯ ಹೊಳೆದಿದೆ. ಹೊರಗೆ ಎಲ್ಲೂ ನೀನು ಬೇಡ. ಸಿನಿಮಾ ಮುಗಿಸಿ ಜನ ಹೊರಬರುವ ಬಾಗಿಲಿನ ಒಳಮೈಗೆ ಮಾತ್ರ ನಿನ್ನೊಬ್ಬನದೇ ದೊಡ್ಡ ಚಿತ್ರ, ಕೆಳಗೆ ನಿನ್ನ ಹೆಸರು. ಕೊಂದವನು ನೀನೇ ಎಂದು ಆಗಲೇ ತಿಳಿದವರಷ್ಟೇ ಅದನ್ನು ನೋಡುತ್ತಾರೆ. ಯಾರಾದರೂ ಫೋನಿನಲ್ಲಿ ಫೋಟೋ ಹೊಡೆದು ಹಂಚಿದರೆ ಏನು ಮಾಡುವುದೋ ಗೊತ್ತಿಲ್ಲ. ಇದು ನಿನಗೆ ಮಾಡುವ ಮರ್ಯಾದೆಯೋ, ನನ್ನ ಮನಸ್ಸಿನ ಸಮಾಧಾನಕ್ಕೆ ಹೂಡಿದ ಆಟವೋ, ಅದೂ ತಿಳಿಯುತ್ತಿಲ್ಲ.

ಮುದ್ರಣದವರಿಗೆ ಇನ್ನೂ ಏನೂ ಹೇಳಿಲ್ಲ. ನನ್ನ ನೌಕರಿಯ ಮುಲಾಜು ನಿನಗೆ ಬೇಡ. ಈ ಉಪಾಯ ಬೇಡ ಎಂದು ನೀನು ಹೇಳಿದರೆ ಆರೂ ಮುಖಗಳು ಗೋಡೆ ಹತ್ತುತ್ತವೆ, ನಿರ್ಮಾಪಕರಿಂದ ಬೈಸಿಕೊಳ್ಳುವುದು ನನಗಿರಲಿ.

ಮಗಳ ಕೈ ಹಿಡಿದು ನಿನ್ನ ಚಿತ್ರದ ಮುಂದೆ ನೀನು ನಿಲ್ಲುವ ದಿನ ಬರಲಿ, ಯಾವ ಗೋಡೆಯಾದರೂ ಸರಿ.

ಇಂತಿ,
ನೀನು ಯಾರೆಂದು ಸದ್ಯಕ್ಕೆ ಯಾರಿಗೂ ಹೇಳಲಾರದ
ನಿನ್ನ ತಂಗಿ